ದಿನಬಳಕೆಯ ಕ್ಯಾಂಟನೀಸ್ ಆಡುಮಾತು: ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಹೋಗುವ ಕನ್ನಡಿಗರಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ. ಆದರೆ ತರಕಾರಿ ಮಾರುಕಟ್ಟೆ, ಮಿನಿಬಸ್ಸು, ಬೀದಿಬದಿಯ ಹೋಟೆಲು, ವಸತಿ ಕಟ್ಟಡದ ಕಾವಲುಗಾರ, ಪಕ್ಕದ ಮನೆಯ ಅಜ್ಜಿ, ಇವರೆಲ್ಲರ ಲೋಕ ನಡೆಯುವುದು ಕ್ಯಾಂಟನೀಸ್‌ನಲ್ಲಿ. ಮಕಾವ್, ಗುವಾಂಗ್‌ಝೌ, ಮಲೇಷ್ಯಾದ ಕೌಲಾಲಂಪುರ ಮತ್ತು ಇಪೋಗಳಲ್ಲಿಯೂ ಈ ಭಾಷೆ ಬೀದಿಯಲ್ಲಿ ಕೇಳಿಸುತ್ತದೆ. ಮ್ಯಾಂಡರಿನ್ ಬಲ್ಲವರಿಗೆ ಇದು ತಾನಾಗಿಯೇ ಅರ್ಥವಾಗುವುದಿಲ್ಲ. ಕಿವಿಗೆ ಎರಡೂ ಬೇರೆಬೇರೆ ಭಾಷೆಗಳೇ.

ಕ್ಯಾಂಟನೀಸ್ ಬಹಳ ಕಷ್ಟವೆಂಬ ಹೆದರಿಕೆ ವ್ಯಾಪಕವಾಗಿದೆ. ಆ ಹೆದರಿಕೆಯ ದೊಡ್ಡ ಪಾಲು ಇಂಗ್ಲಿಷ್ ಮೂಲಕ ಕಲಿಯುವುದರಿಂದ ಬಂದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡದ ವರ್ಣಮಾಲೆಯನ್ನೂ, ಕನ್ನಡಿಗರು ವಾಕ್ಯದ ಕೊನೆಯಲ್ಲಿ ಸಹಜವಾಗಿ ಸೇರಿಸುವ ‘ಅಂತೆ’, ‘ಏನೋ’, ‘ಅಲ್ಲ’, ‘ಮತ್ತೆ’ಗಳನ್ನೂ ಆಧಾರವಾಗಿಟ್ಟುಕೊಂಡು ಕಲಿತರೆ ಈ ಭಾಷೆಯ ಎರಡು ಕಠಿಣ ಭಾಗಗಳು ಗಣನೀಯವಾಗಿ ಹಗುರವಾಗುತ್ತವೆ. ಈ ಮಾರ್ಗದರ್ಶಿ ಆ ದಾರಿಯಲ್ಲಿಯೇ ಸಾಗುತ್ತದೆ.

ಹಂತ 1: ಬರೆಯುವ ಭಾಷೆಯನ್ನೂ ಆಡುವ ಭಾಷೆಯನ್ನೂ ಬೇರ್ಪಡಿಸಿಕೊಳ್ಳಿ

ಹಾಂಗ್‌ಕಾಂಗ್‌ನ ಪತ್ರಿಕೆ, ಸರ್ಕಾರಿ ಪ್ರಕಟಣೆ, ಶಾಲಾ ಪಠ್ಯಗಳು ಪ್ರಮಾಣ ಚೀನೀ ಬರಹದಲ್ಲಿರುತ್ತವೆ. ಆ ಬರಹವನ್ನು ಕ್ಯಾಂಟನೀಸ್ ಉಚ್ಚಾರದಲ್ಲಿ ಗಟ್ಟಿಯಾಗಿ ಓದಬಹುದು, ಆದರೆ ಹಾಗೆ ಯಾರೂ ಮಾತನಾಡುವುದಿಲ್ಲ. ‘ಹೌದು, ಆಗಿದೆ’ ಎಂಬುದಕ್ಕೆ ಬರಹದಲ್ಲಿ ಒಂದು ಪದ, ಬಾಯಲ್ಲಿ ಇನ್ನೊಂದು. ‘ಇಲ್ಲ, ಅಲ್ಲ’ ಎಂಬ ನಿಷೇಧಕ್ಕೂ, ‘ಅವನು, ಅವಳು’ ಎಂಬ ಸರ್ವನಾಮಕ್ಕೂ, ‘ನೋಡು’, ‘ತಿನ್ನು’ ಎಂಬ ಕ್ರಿಯಾಪದಗಳಿಗೂ ಇದೇ ಸ್ಥಿತಿ. ಗ್ರಾಂಥಿಕ ಕನ್ನಡಕ್ಕೂ ಮನೆಮಾತಿಗೂ ಇರುವ ಅಂತರವನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ, ಆದರೆ ಇಲ್ಲಿ ಅಂತರ ಇನ್ನೂ ದೊಡ್ಡದು.

ಇದರಿಂದ ಕಲಿಕೆಗೆ ನೇರವಾದ ಎರಡು ಪರಿಣಾಮಗಳಿವೆ. ಕ್ಯಾಂಟನೀಸ್ ಚಿತ್ರಗೀತೆಗಳ ಮತ್ತು ಪಾಪ್ ಹಾಡುಗಳ ಸಾಹಿತ್ಯ ಬಹುಪಾಲು ಬರಹದ ಭಾಷೆಯಲ್ಲಿರುವುದರಿಂದ ಹಾಡು ಬಾಯಿಪಾಠ ಮಾಡಿ ಆಡುಮಾತು ಕಲಿಯಲಾಗದು. ಉಚ್ಚಾರಕ್ಕೆ ಹಾಡು ಒಳ್ಳೆಯದು, ವಾಕ್ಯಕ್ಕಲ್ಲ. ಹಾಗೆಯೇ ದೂರದರ್ಶನ ಧಾರಾವಾಹಿಗಳ ಚೀನೀ ಅಡಿಬರಹವೂ ಸಾಮಾನ್ಯವಾಗಿ ಪ್ರಮಾಣ ಬರಹದಲ್ಲಿರುತ್ತದೆ, ಆದ್ದರಿಂದ ಪಾತ್ರಗಳು ಆಡಿದ್ದೂ ಪರದೆಯ ಮೇಲೆ ಕಂಡದ್ದೂ ಪದಕ್ಕೆ ಪದ ಹೊಂದುವುದಿಲ್ಲ. ಆರಂಭದಲ್ಲಿ ಚೀನೀ ಲಿಪಿಯ ಗೊಡವೆಗೆ ಹೋಗದೆ ಕಿವಿ ಮತ್ತು ಬಾಯಿಗೆ ಮಾತ್ರ ಕೆಲಸ ಕೊಡುವುದು ಉತ್ತಮ.

ಹಂತ 2: ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಪದ್ಧತಿ

ಕ್ಯಾಂಟನೀಸ್‌ಗೆ ಹಲವು ರೋಮನ್ ಲಿಪ್ಯಂತರ ಪದ್ಧತಿಗಳಿವೆ. ಇಂದು ಕಲಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಾಂಗ್‌ಕಾಂಗ್ ಭಾಷಾವಿಜ್ಞಾನ ಸಂಘವು 1993ರಲ್ಲಿ ರೂಪಿಸಿದ ಯುಟ್‌ಪಿಂಗ್. ನಿಘಂಟು ನೋಡಲು ಅದನ್ನು ಮುಂದೆ ಕಲಿಯಲೇಬೇಕು. ಆದರೆ ಮೊದಲ ಕೆಲವು ವಾರ ಕನ್ನಡ ಲಿಪಿಯೇ ಹೆಚ್ಚು ನಿಖರ, ಏಕೆಂದರೆ ರೋಮನ್ ಅಕ್ಷರ ಕಂಡೊಡನೆ ನಾವು ಇಂಗ್ಲಿಷಿನಂತೆ ಓದಿಬಿಡುತ್ತೇವೆ.

ಕ್ಯಾಂಟನೀಸ್‌ನಲ್ಲಿ ಗ, ದ, ಬ ಎಂಬ ಘೋಷ ಸ್ಪರ್ಶಗಳಿಲ್ಲ. ಇರುವುದು ಅಲ್ಪಪ್ರಾಣ ಮತ್ತು ಮಹಾಪ್ರಾಣಗಳ ಭೇದ. ಯುಟ್‌ಪಿಂಗ್ ಬಿ, ಪಿ ಎಂದು ಬರೆಯುವ ಜೋಡಿ ನಮ್ಮ ಪ, ಫ. ಡಿ, ಟಿ ಎಂಬುದು ತ, ಥ. ಜಿ, ಕೆ ಎಂಬುದು ಕ, ಖ. ಝಡ್, ಸಿ ಎಂಬ ಜೋಡಿಯನ್ನು ನಾನಿಲ್ಲಿ ಚ, ಛ ಎಂದು ಬರೆಯುತ್ತೇನೆ. ನಾಲಗೆ ಕನ್ನಡದ ಚಕಾರಕ್ಕಿಂತ ತುಸು ಮುಂದೆ, ಹಲ್ಲಿನ ಹತ್ತಿರ ಇರಬೇಕು. ಇಂಗ್ಲಿಷಿನ ಎಫ್ ಧ್ವನಿಯನ್ನು ಚುಕ್ಕೆಯಿಟ್ಟ ಫ಼ ಎಂದು ಬರೆದಿದ್ದೇನೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ನಮ್ಮಲ್ಲಿ ಅನೇಕರು ಆಡುವಾಗ ಮಹಾಪ್ರಾಣವನ್ನು ಬಿಟ್ಟುಬಿಡುತ್ತಾರೆ, ‘ಫಲ’ವನ್ನು ಎಫ್‌ನಿಂದ ಆರಂಭಿಸುತ್ತಾರೆ. ಕ್ಯಾಂಟನೀಸ್‌ನಲ್ಲಿ ಇವೆರಡೂ ಅರ್ಥವನ್ನು ಕೆಡಿಸುತ್ತವೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಫೆಙ್4 (ಅಗ್ಗ) ಎಂದಾಗ ಉಸಿರು ತಾಗಬೇಕು, ಪೆಙ್6 (ಕಾಯಿಲೆ) ಎಂದಾಗ ತಾಗಬಾರದು. ಪಕ್ಕದ ಅಂಕಿ ದನಿಯ ಏರಿಳಿತದ ಗುರುತು, ಅದರ ವಿವರ ಹಂತ 3ರಲ್ಲಿದೆ.

ಸ್ವರಗಳಲ್ಲಿ ನಮಗಿರುವ ಅನುಕೂಲ ಇನ್ನೂ ದೊಡ್ಡದು. ಅ ಮತ್ತು ಆ ಎಂಬ ಹ್ರಸ್ವ, ದೀರ್ಘ ಭೇದ ಇಲ್ಲಿ ಪದಗಳನ್ನೇ ಬೇರ್ಪಡಿಸುತ್ತದೆ. ಸಮ್1 ಎಂದರೆ ಹೃದಯ, ಸಾಮ್1 ಎಂದರೆ ಮೂರು. ಕಯ್1 ಎಂದರೆ ಕೋಳಿ, ಕಾಯ್1 ಎಂದರೆ ಬೀದಿ. ವರ್ಣಮಾಲೆಯಲ್ಲಿ ಹೇಳಿ ಮರೆತುಬಿಡುವ ಙಕಾರಕ್ಕೂ ಇಲ್ಲಿ ನಿತ್ಯದ ಕೆಲಸವಿದೆ: ಙೋ5 ಎಂದರೆ ನಾನು, ಕೇವಲ ಙ್5 ಎಂದರೆ ಐದು. ಹಾಗೆಯೇ ಮ್4 ಎಂಬುದು ಸ್ವರವಿಲ್ಲದೆ ತುಟಿ ಮುಚ್ಚಿಯೇ ನುಡಿಯುವ ಪೂರ್ಣ ಅಕ್ಷರ. ಅದರ ಅರ್ಥ ‘ಇಲ್ಲ, ಅಲ್ಲ’.

ಕನ್ನಡದಲ್ಲಿಲ್ಲದ ಸ್ವರಗಳನ್ನು ಅವಗ್ರಹದಿಂದ ಗುರುತಿಸಿದ್ದೇನೆ. ಎಽ ಎಂದು ಬರೆದಲ್ಲಿ ತುಟಿಯನ್ನು ‘ಒ’ ಎನ್ನುವಂತೆ ದುಂಡಾಗಿಸಿ ‘ಎ’ ಎನ್ನಬೇಕು. ಇಽ ಎಂದು ಬರೆದಲ್ಲಿ ತುಟಿಯನ್ನು ‘ಉ’ ಎನ್ನುವಂತೆ ಚಾಚಿ ‘ಇ’ ಎನ್ನಬೇಕು. ಊರಿನ ಹೆಸರನ್ನೇ ಸ್ಥಳೀಯರು ಹೆಽಙ್1 ಕೋಙ್2 ಎನ್ನುತ್ತಾರೆ.

ಕೊನೆಯದಾಗಿ ಕನ್ನಡಿಗರ ನಾಲಗೆಯ ಒಂದು ಹಠವನ್ನು ಮುರಿಯಬೇಕು. ವ್ಯಂಜನದಿಂದ ಮುಗಿಯುವ ಪದಕ್ಕೆ ಉಕಾರ ಸೇರಿಸಿ ಬಸ್ಸು, ಕಾರು, ಬ್ಯಾಂಕು ಎನ್ನುವುದು ನಮ್ಮ ಜಾಯಮಾನ. ಕ್ಯಾಂಟನೀಸ್‌ನಲ್ಲಿ ಸಪ್6 (ಹತ್ತು) ಎನ್ನುವಾಗ ತುಟಿ ಮುಚ್ಚಿಕೊಂಡೇ ಇರಬೇಕು, ಯತ್1 (ಒಂದು) ಎನ್ನುವಾಗ ನಾಲಗೆ ಹಲ್ಲಿಗೆ ಅಂಟಿಕೊಂಡೇ ನಿಲ್ಲಬೇಕು. ಅಂತ್ಯದ ಪ್, ತ್, ಕ್‌ಗಳು ಒಡೆಯಬಾರದು. ‘ಸಪ್ಪು’ ಎಂದರೆ ಕೇಳುವವರಿಗೆ ಎರಡು ಅಕ್ಷರ ಕೇಳಿಸುತ್ತದೆ, ಅರ್ಥ ಸಿಗುವುದಿಲ್ಲ.

ಹಂತ 3: ಆರು ಟೋನ್‌ಗಳನ್ನು ಅಂಕಿಗಳಿಂದ ಕಲಿಯಿರಿ

ಪ್ರತಿ ಅಕ್ಷರದ ಪಕ್ಕದಲ್ಲಿರುವ ಅಂಕಿ ಅದರ ಟೋನ್, ಅಂದರೆ ದನಿಯ ಎತ್ತರ ಮತ್ತು ಚಲನೆ. 1 ಎತ್ತರದಲ್ಲಿ ಸಮ. 2 ಕೆಳಗಿನಿಂದ ಎತ್ತರಕ್ಕೆ ಏರುವುದು. 3 ನಡುಮಟ್ಟದಲ್ಲಿ ಸಮ. 4 ಕೆಳಗಿನಿಂದ ಇನ್ನೂ ತಳಕ್ಕೆ ಇಳಿಯುವುದು. 5 ತಳದಿಂದ ನಡುಮಟ್ಟದವರೆಗೆ ಸ್ವಲ್ಪವೇ ಏರುವುದು. 6 ನಡುಮಟ್ಟಕ್ಕಿಂತ ಕೆಳಗೆ ಸಮ. ಈ ಎತ್ತರಗಳು ಸಾಪೇಕ್ಷವಾದವು. ಪ್ರತಿಯೊಬ್ಬ ಗಾಯಕರೂ ತಮ್ಮ ಶ್ರುತಿಗೆ ತಕ್ಕಂತೆ ಷಡ್ಜವನ್ನು ಹಿಡಿದು ಉಳಿದ ಸ್ವರಗಳನ್ನು ಅದರಿಂದ ಅಳೆಯುವ ಹಾಗೆ, ನಿಮ್ಮ ಸಹಜ ದನಿಯೊಳಗೇ ಮೇಲು, ನಡು, ಕೆಳಗನ್ನು ನಿಗದಿಮಾಡಿಕೊಳ್ಳಬೇಕು.

ಇದನ್ನು ಕಲಿಸುವವರಲ್ಲಿ ರೂಢಿಯಲ್ಲಿರುವ ಒಂದು ಉಪಾಯ ನನಗೆ ಬಹಳ ಮೆಚ್ಚುಗೆಯಾಗಿದೆ. 3, 9, 4, 0, 5, 2 ಎಂಬ ಅಂಕಿಗಳನ್ನು ಇದೇ ಕ್ರಮದಲ್ಲಿ ಹೇಳಿದರೆ ಒಂದರಿಂದ ಆರರವರೆಗಿನ ಟೋನ್‌ಗಳು ಸಾಲಾಗಿ ಬರುತ್ತವೆ: ಸಾಮ್1, ಕವ್2, ಸೆಯ್3, ಲಿಙ್4, ಙ್5, ಯಿ6. ಮುಂದೆ 7, 8, 6 ಸೇರಿಸಿದರೆ, ಅಂದರೆ ಛತ್1, ಪಾತ್3, ಲುಕ್6 ಎಂದರೆ, ತ್, ಕ್‌ಗಳಲ್ಲಿ ಮುಗಿಯುವ ಮೊಟಕು ಅಕ್ಷರಗಳ ಮೂರು ಮಟ್ಟಗಳೂ ಬರುತ್ತವೆ. ಹಳೆಯ ಪುಸ್ತಕಗಳು ಒಂಬತ್ತು ಟೋನ್ ಎನ್ನುವುದು ಈ ಮೂರನ್ನೂ ಸೇರಿಸಿ. ಬೆಳಿಗ್ಗೆ ಸಂಜೆ ಈ ಸಾಲನ್ನು ಜಪಿಸಿದರೆ ಟೋನ್ ಮತ್ತು ಅಂಕಿ ಎರಡೂ ಒಟ್ಟಿಗೆ ಕೈವಶವಾಗುತ್ತವೆ, ಮಾರುಕಟ್ಟೆಯಲ್ಲಿ ಬೆಲೆ ಕೇಳಲು ಕಿವಿಯೂ ಸಿದ್ಧವಾಗುತ್ತದೆ.

ಟೋನ್ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಜೋಡಿ ಸಾಕು. ಮಾಯ್5 ಎಂದರೆ ಕೊಳ್ಳುವುದು, ಮಾಯ್6 ಎಂದರೆ ಮಾರುವುದು. ಥೋಙ್1 ಎಂದರೆ ಸೂಪು, ಥೋಙ್4 ಎಂದರೆ ಸಕ್ಕರೆ.

ಇನ್ನೊಂದು ಮುಖ್ಯ ವಿಷಯ: ಪ್ರಶ್ನೆ ಕೇಳುವಾಗ ವಾಕ್ಯದ ಕೊನೆಯಲ್ಲಿ ದನಿ ಏರಿಸುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ಕೊನೆಯ ಪದದ ಟೋನ್ ಬದಲಾಗಿ ಬೇರೆ ಪದವೇ ಆಗಿಬಿಡಬಹುದು. ‘ಬಂದೆಯಾ’ ಎಂದು ನಾವು ಪ್ರತ್ಯಯ ಸೇರಿಸಿ ಕೇಳುವಂತೆ ಅವರೂ ಕೊನೆಗೊಂದು ಅಕ್ಷರ ಸೇರಿಸಿ ಕೇಳುತ್ತಾರೆ. ಅಥವಾ ಕ್ರಿಯಾಪದವನ್ನು ನಿಷೇಧದೊಂದಿಗೆ ಜೋಡಿಸುತ್ತಾರೆ: ತಕ್1 ಎಂದರೆ ಆಗುತ್ತದೆ, ತಕ್1 ಮ್4 ತಕ್1 ಆ3 ಎಂದರೆ ಆಗುತ್ತದೋ ಇಲ್ಲವೋ. ‘ಆಗುತ್ತೋ ಇಲ್ವೋ’ ಎಂಬ ನಮ್ಮ ಮಾತಿನ ಅಚ್ಚೇ ಇದು. ಯಿವ್3 ಮ್4 ಯಿವ್3 (ಬೇಕೋ ಬೇಡವೋ), ಹೊವ್2 ಮ್4 ಹೊವ್2 (ಸರಿಯೋ ಅಲ್ಲವೋ) ಎಂದು ಇದೇ ಅಚ್ಚಿನಲ್ಲಿ ಬೇಕಾದಷ್ಟು ಪ್ರಶ್ನೆಗಳನ್ನು ಹೊಯ್ಯಬಹುದು.

ಹಂತ 4: ವಂದನೆ, ಕೃತಜ್ಞತೆ, ಕ್ಷಮೆ

ಪಠ್ಯಪುಸ್ತಕಗಳು ನೆಯ್5 ಹೊವ್2 ಎಂಬ ನಮಸ್ಕಾರದಿಂದ ಆರಂಭಿಸುತ್ತವೆ. ಅದು ತಪ್ಪಲ್ಲ, ಆದರೆ ಪರಿಚಿತರ ನಡುವೆ ಅದರ ಬಳಕೆ ಕಡಿಮೆ. ಬೆಳಿಗ್ಗೆ ಲಿಫ್ಟಿನಲ್ಲಿ ಎದುರಾದವರಿಗೆ ಚೊವ್2 ಸನ್4 (ಶುಭೋದಯ) ಎನ್ನುವುದು ವಾಡಿಕೆ. ಊಟದ ಹೊತ್ತಿಗೆ ಸಿಕ್ಕವರಿಗೆ ಸಿಕ್6 ಚೋ2 ಫ಼ಾನ್6 ಮೆಯ್6 ಆ3 ಎನ್ನುತ್ತಾರೆ. ಪದಶಃ ‘ಅನ್ನ ತಿಂದಾಯಿತೋ ಇನ್ನೂ ಇಲ್ಲವೋ’. ‘ಊಟ ಆಯ್ತಾ’ ಎಂದು ಕೇಳಿ ಬೆಳೆದ ನಮಗೆ ಇದು ಆಮಂತ್ರಣವಲ್ಲ, ಅಕ್ಕರೆಯ ಮಾತು ಎಂದು ಯಾರೂ ವಿವರಿಸಬೇಕಿಲ್ಲ. ಆಗಿದ್ದರೆ ಸಿಕ್6 ಚೋ2 ಲಾ3, ಆಗಿರದಿದ್ದರೆ ಮೆಯ್6 ಆ3 ಎಂದರೆ ಸಾಕು.

ಇಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಎರಡು ಬಗೆಯ ಕೃತಜ್ಞತೆಗೆ. ಯಾರಾದರೂ ನಿಮಗಾಗಿ ಒಂದು ಕೆಲಸ ಮಾಡಿದರೆ, ಬಾಗಿಲು ಹಿಡಿದರೆ, ತಟ್ಟೆ ತಂದಿಟ್ಟರೆ, ದಾರಿ ಹೇಳಿದರೆ, ಮ್4 ಕೋಯ್1 ಎನ್ನಬೇಕು. ಯಾರಾದರೂ ಉಡುಗೊರೆ ಕೊಟ್ಟರೆ, ಊಟ ಕೊಡಿಸಿದರೆ, ನಿಮ್ಮನ್ನು ಹೊಗಳಿದರೆ ತೋ1 ಚೆ6 ಎನ್ನಬೇಕು. ಚೀನೀ ಹೊಸ ವರ್ಷದಲ್ಲಿ ವಿವಾಹಿತರು ಅವಿವಾಹಿತರಿಗೂ ಮಕ್ಕಳಿಗೂ ಹಣವಿಟ್ಟ ಕೆಂಪು ಲಕೋಟೆ, ಲಯ್6 ಸಿ6, ಕೊಡುತ್ತಾರೆ. ಅದನ್ನು ಎರಡೂ ಕೈಗಳಿಂದ ಪಡೆದು, ಅವರೆದುರು ತೆರೆಯದೆ, ತೋ1 ಚೆ6 ಎನ್ನುವುದು ಮರ್ಯಾದೆ. ಆ ದಿನಗಳ ಶುಭಾಶಯ ಕುಙ್1 ಹೆಯ್2 ಫ಼ಾತ್3 ಛೋಯ್4.

ಮ್4 ಕೋಯ್1 ಕೇವಲ ಧನ್ಯವಾದವಲ್ಲ. ‘ದಯವಿಟ್ಟು’ ಎಂಬುದಕ್ಕೂ, ಮಾಣಿಯನ್ನು ಕರೆಯುವುದಕ್ಕೂ ಅದೇ. ಜನಜಂಗುಳಿಯ ರೈಲಿನಿಂದ ಇಳಿಯುವಾಗ ಮ್4 ಕೋಯ್1 ಚೆ3 ಚೆ3 ಎಂದರೆ ‘ಸ್ವಲ್ಪ ಜಾಗ ಬಿಡಿ’ ಎಂದಾಗುತ್ತದೆ. ತುಂಬ ಉಪಕಾರವಾಯಿತು ಎನ್ನಲು ಮ್4 ಕೋಯ್1 ಸಾಯ್3. ಯಾರಾದರೂ ನಿಮಗೆ ಹೀಗೆಂದರೆ ಮ್4 ಸಯ್2 (ಬೇಕಿಲ್ಲ, ಪರವಾಗಿಲ್ಲ) ಎಂದು ಉತ್ತರಿಸಿ. ಒಂದೇ ಒಂದು ಪದ ಕಲಿತು ಹಾಂಗ್‌ಕಾಂಗ್‌ಗೆ ಹೋಗಬೇಕಾದರೆ ಅದು ಮ್4 ಕೋಯ್1 ಆಗಲಿ.

ಕ್ಷಮೆ ಕೇಳುವುದರಲ್ಲಿಯೂ ತೂಕವಿದೆ. ಕಾಲು ತುಳಿದಾಗ, ಸ್ವಲ್ಪ ತಡವಾದಾಗ, ಯಾರಿಗಾದರೂ ತೊಂದರೆ ಕೊಡಬೇಕಾದಾಗ ಮ್4 ಹೊವ್2 ಯಿ3 ಸಿ1. ನಿಜವಾಗಿ ತಪ್ಪಾದಾಗ ತೆಽಯ್3 ಮ್4 ಚಿಽ6. ಎದುರಿನವರು ಮ್4 ಕನ್2 ಯಿವ್3 (ಪರವಾಗಿಲ್ಲ) ಎನ್ನುತ್ತಾರೆ.

ಹಂತ 5: ಒಂದೊಂದು ಜಾಗಕ್ಕೆ ಒಂದೊಂದು ಕಟ್ಟು ಮಾತು

ಪದಪಟ್ಟಿಗಳನ್ನು ಉರುಹೊಡೆಯುವುದಕ್ಕಿಂತ, ನೀವು ನಿತ್ಯ ಹೋಗುವ ಜಾಗವನ್ನು ಆರಿಸಿಕೊಂಡು ಅಲ್ಲಿ ಬೇಕಾಗುವ ಐದಾರು ವಾಕ್ಯಗಳನ್ನು ಪೂರ್ಣವಾಗಿ ಕಲಿಯುವುದು ಫಲಕಾರಿ.

ಮಿನಿಬಸ್ಸಿನಿಂದ ಆರಂಭಿಸಿ. ಹಾಂಗ್‌ಕಾಂಗ್‌ನ ಈ ಸಣ್ಣ ಬಸ್ಸುಗಳಲ್ಲಿ ಮೊದಲು 16 ಆಸನಗಳಿದ್ದವು, 2017ರಿಂದ 19ರವರೆಗೆ ಅವಕಾಶವಿದೆ. ಕೆಂಪು ಚಾವಣಿಯ ಬಸ್ಸುಗಳಲ್ಲಿ ಎಲ್ಲಿ ಇಳಿಯಬೇಕೆಂದು ಪ್ರಯಾಣಿಕರೇ ಕೂಗಿ ಹೇಳಬೇಕು. ಯವ್5 ಲೋಕ್6 ಎಂದರೆ ‘ಇಳಿಯುವವರಿದ್ದಾರೆ’. ಬೀದಿಯ ತುದಿಯಲ್ಲಿ ಇಳಿಯಬೇಕಿದ್ದರೆ ಕಾಯ್1 ಹವ್2 ಯವ್5 ಲೋಕ್6, ಮ್4 ಕೋಯ್1. ಮೆಲುದನಿಯಲ್ಲಿ ಹೇಳಿದರೆ ಎಂಜಿನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ, ಬಸ್ಸು ಮುಂದೆ ಹೋಗಿಬಿಡುತ್ತದೆ. ಸಂಕೋಚ ಬಿಟ್ಟು ಹಿಂದಿನ ಆಸನದಿಂದ ಚಾಲಕರಿಗೆ ಮುಟ್ಟುವಂತೆ ಕೂಗಬೇಕು. ಅನೇಕ ಚಾಲಕರು ಕೈಯೆತ್ತಿ ಕೇಳಿಸಿತೆಂದು ಸೂಚಿಸುತ್ತಾರೆ. ನಿಮ್ಮ ಉಚ್ಚಾರ ಅರ್ಥವಾಯಿತೇ ಎಂಬುದಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ಎರಡನೆಯದು ಛಾ4 ಛಾನ್1 ಥೆಙ್1, ಅಂದರೆ ಹಾಂಗ್‌ಕಾಂಗ್‌ನ ಚಹಾ ಹೋಟೆಲು. ಒಳಹೊಕ್ಕೊಡನೆ ಕೆಯ್2 ತೋ1 ವಯ್2 (ಎಷ್ಟು ಜನ) ಎಂಬ ಪ್ರಶ್ನೆ ಬರುತ್ತದೆ. ಒಬ್ಬರೇ ಇದ್ದರೆ ಯತ್1 ವಯ್2, ಇಬ್ಬರಿದ್ದರೆ ಲೆಽಙ್5 ವಯ್2 ಎನ್ನಿ. ತಾಪ್3 ಥೋಯ್2 ಎಂಬ ಮಾತು ಕಿವಿಗೆ ಬಿದ್ದರೆ ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳಬೇಕೆಂದು ಅರ್ಥ, ಅದರಲ್ಲಿ ಅಸಭ್ಯತೆ ಏನೂ ಇಲ್ಲ. ಹಾಲು ಹಾಕಿದ ಚಹಾ ನಾಯ್5 ಛಾ4. ಬಿಸಿಯಾದರೆ ಅದಕ್ಕೂ ಮೊದಲು ಯಿತ್6, ತಣ್ಣಗಿನದಾದರೆ ತುಙ್3 ಸೇರಿಸಬೇಕು. ಸಿಹಿ ಕಡಿಮೆ ಬೇಕಿದ್ದರೆ ಸಿವ್2 ಥಿಮ್4. ‘ಹೋಗು’ ಎಂಬರ್ಥದ ಚವ್2 ಇಲ್ಲಿ ‘ಹಾಕಬೇಡಿ’ ಎಂಬರ್ಥ ಪಡೆಯುತ್ತದೆ: ಚವ್2 ಪಿಙ್1 ಎಂದರೆ ಮಂಜುಗಡ್ಡೆ ಬೇಡ. ಕಾಫಿಗೆ ಸಕ್ಕರೆಯೂ ಬೇಡ ಹಾಲೂ ಬೇಡ ಎನ್ನುವುದಕ್ಕೆ ಫ಼ೆಯ್1 ಸಾ1 ಚವ್2 ನಾಯ್5 ಎಂಬ ಸೊಗಸಾದ ಮಾತಿದೆ. ಪದಶಃ ‘ಹಾರುವ ಮರಳು, ಓಡುವ ಹಾಲು’. ಬಿಲ್ಲು ಬೇಕಾದಾಗ ಮಾಯ್4 ತಾನ್1.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನಿಸಿ ಓದಬೇಕು. ಙೋ5 ಮ್4 ಸಿಕ್6 ಯುಕ್6 (ನಾನು ಮಾಂಸ ತಿನ್ನುವುದಿಲ್ಲ) ಎಂದರೆ ಸಾಕೆಂದು ತಿಳಿಯಬೇಡಿ. ಕೇಳುವವರ ಮನಸ್ಸಿನಲ್ಲಿ ಮೀನೂ ಒಣಸಿಗಡಿಯೂ ಆ ಪದದೊಳಗೆ ಬರುವುದಿಲ್ಲ. ಆದ್ದರಿಂದ ಯಿಽ2 (ಮೀನು), ಹಾ1 (ಸಿಗಡಿ), ತಾನ್2 (ಮೊಟ್ಟೆ) ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಬೇಕು. ಬರಿಯ ಸೊಪ್ಪಿನ ಪಲ್ಯ ತರಿಸಿದರೂ ಮೇಲೆ ಸಿಂಪಿಚಿಪ್ಪಿನ ಸಾಸು ಸುರಿದಿರುವುದು ಸಾಮಾನ್ಯ. ಮ್4 ಯಿವ್3 ಹೊವ್4 ಯವ್4 (ಸಿಂಪಿಚಿಪ್ಪಿನ ಸಾಸು ಬೇಡ) ಎಂಬ ವಾಕ್ಯವನ್ನು ಟೋನ್ ಸಹಿತ ಬಾಯಿಪಾಠ ಮಾಡಿ. ಹೆಚ್ಚು ಭದ್ರವಾದ ಮಾತು ಙೋ5 ಸಿಕ್6 ಚಾಯ್1. ಚಾಯ್1 ಎಂಬುದು ಬೌದ್ಧ ಸಂಪ್ರದಾಯದ ಸಸ್ಯಾಹಾರ. ಸಾಂಪ್ರದಾಯಿಕ ಚಾಯ್1 ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲವಾದ್ದರಿಂದ ಅವನ್ನು ವರ್ಜಿಸುವ ಮನೆಗಳವರಿಗೂ ಈ ಪದ ನೆರವಿಗೆ ಬರುತ್ತದೆ.

ಮಾರುಕಟ್ಟೆಯ ಮಾತು ಬೇಗ ಬರುತ್ತದೆ. ಕೆಯ್2 ತೋ1 ಛಿನ್2 ಆ3 (ಎಷ್ಟು ದುಡ್ಡು), ಫೆಙ್4 ತಿ1 ಲಾ1 (ಸ್ವಲ್ಪ ಕಡಿಮೆ ಮಾಡಿ). ಡಾಲರನ್ನು ಆಡುಮಾತಿನಲ್ಲಿ ಮನ್1 ಎನ್ನುತ್ತಾರೆ. ಇಪ್ಪತ್ತಕ್ಕೆ ಪುಸ್ತಕ ಯಿ6 ಸಪ್6 ಎಂದು ಕಲಿಸಿದರೂ ಅಂಗಡಿಯವರು ಯಾ6 ಎಂದು ಮೊಟಕಾಗಿಸುತ್ತಾರೆ. ಯಾ6 ಮನ್1 ಎಂದರೆ ಇಪ್ಪತ್ತು ಡಾಲರು. ಮಾರುವವರು ಗಿರಾಕಿಗಳನ್ನು ಲೆಙ್3 ಚಯ್2 (ಚೆಲುವ), ಲೆಙ್3 ನೆಽಯ್2 (ಚೆಲುವೆ) ಎಂದು ಕರೆಯುವುದು ವಾಡಿಕೆಯ ಮಾತಷ್ಟೆ, ಅದರಲ್ಲಿ ಬೇರೆ ಇಂಗಿತ ಹುಡುಕಬೇಡಿ.

ಹಂತ 6: ವಾಕ್ಯದ ಕೊನೆಯ ಅಕ್ಷರಗಳು

ಈ ಭಾಷೆಯ ಜೀವ ಇರುವುದು ಇಲ್ಲಿ. ಇಂಗ್ಲಿಷ್ ಮೂಲಕ ಕಲಿಯುವವರು ಇವನ್ನು ಅರ್ಥವಿಲ್ಲದ ಬಾಲಂಗೋಚಿಗಳೆಂದು ಬಿಟ್ಟುಬಿಡುತ್ತಾರೆ, ಅದರಿಂದಾಗಿ ವ್ಯಾಕರಣ ಸರಿಯಿದ್ದರೂ ಅವರ ಮಾತು ಒರಟಾಗಿಯೋ ಪುಸ್ತಕದಂತೆಯೋ ಕೇಳಿಸುತ್ತದೆ. ಕನ್ನಡಿಗರು ಹಾಗೆ ಬಿಡಬೇಕಾದ ಕಾರಣವೇ ಇಲ್ಲ. ಒಂದೇ ಪದ ತೆಗೆದುಕೊಳ್ಳೋಣ: ಹಯ್6, ಅಂದರೆ ‘ಹೌದು’.

ಹಯ್6 ಆ3 ಎಂದರೆ ಮೃದುವಾದ ‘ಹೌದು’. ಹಯ್6 ಆ4 ಎಂದರೆ ಈಗ ತಾನೇ ತಿಳಿದ ವಿಷಯಕ್ಕೆ ‘ಓ, ಹೌದಾ’. ಹಯ್6 ಮೆ1 ಎಂದರೆ ನಂಬಲಾಗದೆ ಕೇಳುವ ‘ಹೌದೇನು, ನಿಜವಾಗಿಯೂ?’ ಹಯ್6 ಕ್ವಾ3 ಎಂದರೆ ‘ಹೌದೇನೋ, ಇರಬಹುದು’. ಹಯ್6 ಲೋ1 ಎಂದರೆ ‘ಹೌದು ಮತ್ತೆ, ನಾನು ಹೇಳಿದ್ದೂ ಅದನ್ನೇ’. ಹಯ್6 ವೋ3 ಎಂದರೆ ಮರೆತದ್ದು ತಟ್ಟನೆ ನೆನಪಾದಾಗಿನ ‘ಹೌದಲ್ಲ!’ ಹಯ್6 ವೋ5 ಎಂದರೆ ‘ಹೌದಂತೆ’. ಈ ಏಳನ್ನು ಒಂದರ ಹಿಂದೊಂದು, ಆಯಾ ಭಾವವನ್ನು ಮುಖದ ಮೇಲೂ ತಂದುಕೊಂಡು ಹೇಳುವುದು ನಾನು ಬಲ್ಲ ಅತ್ಯುತ್ತಮ ಅಭ್ಯಾಸ.

ಕೊನೆಯ ಎರಡರ ನಡುವೆ ಟೋನ್ ಮಾತ್ರ ಬೇರೆ ಎಂಬುದನ್ನು ಗಮನಿಸಿ. ವೋ5 ಎಂಬುದು ಕೇಳಿ ತಿಳಿದದ್ದನ್ನು, ಅದರ ಹೊಣೆಯನ್ನು ತಾನು ಹೊರದೆ, ದಾಟಿಸುವ ಅಕ್ಷರ. ಖೆಽಯ್5 ಮ್4 ಲಯ್4 ಎಂದರೆ ‘ಅವನು ಬರುವುದಿಲ್ಲ’. ಖೆಽಯ್5 ಮ್4 ಲಯ್4 ವೋ5 ಎಂದರೆ ‘ಅವನು ಬರುವುದಿಲ್ಲವಂತೆ’. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಉಪವಾಕ್ಯವೇ ಬೇಕಾಗುತ್ತದೆ, ನಮಗೆ ‘ಅಂತೆ’ ಸಾಕು.

ಲಾ1 ಎಂಬುದು ಆಜ್ಞೆಯನ್ನು ಆಹ್ವಾನವಾಗಿಸುತ್ತದೆ. ಛೋ5 ಎಂದಷ್ಟೇ ಹೇಳಿದರೆ ‘ಕೂರು’ ಎಂಬ ಅಪ್ಪಣೆ. ಛೋ5 ಲಾ1 ಎಂದರೆ ‘ಕೂತುಕೊಳ್ಳಿ, ಬನ್ನಿ’ ಎಂಬ ಉಪಚಾರ. ಚಾ3 ಎಂಬುದು ‘ಅಷ್ಟೇ’: ಸಪ್6 ಮನ್1 ಚಾ3, ಹತ್ತೇ ಡಾಲರು. ಥಿಮ್1 ಎಂಬುದು ‘ಅದೂ ಸಾಲದೆಂಬಂತೆ’: ಲೋಕ್6 ಯಿಽ5 ಥಿಮ್1, ಮಳೆ ಬೇರೆ ಬರುತ್ತಿದೆ. ಈ ‘ಬೇರೆ’ಯನ್ನು ನಾವು ಬಳಸುವ ರೀತಿಯೇ ಥಿಮ್1ನ ಸ್ವಭಾವ. ಮೊದಲು ಆ3 ಮತ್ತು ಲಾ1 ಮಾತ್ರ ಬಳಸಿ, ಉಳಿದವನ್ನು ಇತರರ ಬಾಯಲ್ಲಿ ಗುರುತಿಸುತ್ತ ಹೋಗಿ. ಯಾವುದನ್ನು ಎಲ್ಲಿಡಬೇಕೆಂಬ ಅಂದಾಜು ಕಿವಿಯಿಂದಲೇ ಬರಬೇಕು.

ಹಂತ 7: ಬಣ್ಣದ ಮಾತುಗಳು

ನುಡಿಗಟ್ಟುಗಳನ್ನು ಬಳಸುವುದಕ್ಕಿಂತ ಮೊದಲು ಗುರುತಿಸಲು ಕಲಿಯಬೇಕು. ಕಾ1 ಯವ್4, ಪದಶಃ ‘ಎಣ್ಣೆ ಹಾಕು’, ಪರೀಕ್ಷೆಗೆ ಹೋಗುವವರಿಗೂ ಆಟಗಾರರಿಗೂ ಹೇಳುವ ಹುರಿದುಂಬಿಕೆ. ಇದರ ಇಂಗ್ಲಿಷ್ ರೂಪವನ್ನು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2018ರಲ್ಲಿ ಸೇರಿಸಿಕೊಂಡಿತು. ಛಾವ್2 ಯವ್4 ಯಿಽ2, ‘ಸ್ಕ್ವಿಡ್ ಹುರಿಯುವುದು’, ಎಂದರೆ ಕೆಲಸದಿಂದ ತೆಗೆಯುವುದು. ಹುರಿದ ಸ್ಕ್ವಿಡ್ ಸುರುಳಿಯಾಗುವುದು ಹಿಂದಿನ ಕಾಲದ ಕೆಲಸಗಾರ ತನ್ನ ಹಾಸಿಗೆ ಸುತ್ತಿಕೊಂಡು ಹೊರಡುವುದನ್ನು ನೆನಪಿಸುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಛೆಽಯ್1 ಸೆಽಯ್2, ‘ನೀರು ಊದುವುದು’, ಎಂದರೆ ಹರಟೆ ಕೊಚ್ಚುವುದು. ಸಿಕ್6 ನಿಙ್4 ಮುಙ್1, ‘ನಿಂಬೆ ತಿನ್ನುವುದು’, ಎಂದರೆ ಪ್ರೇಮ ನಿವೇದಿಸಿ ನಿರಾಕರಣೆ ಪಡೆಯುವುದು. ಚವ್2 ಕಯ್1, ‘ಕೋಳಿ ಓಡಿಹೋಯಿತು’, ಎಂದರೆ ಅವಕಾಶ ತಪ್ಪಿತು. ಚಪ್1 ಸಾಙ್1 ಎಂದರೆ ಸಂದರ್ಭ ನೋಡಿಕೊಂಡು ನೀವೇ ನಿಭಾಯಿಸಿ. ಹಾಂಗ್‌ಕಾಂಗ್‌ನ ಕೆಲಸದ ಸಂಸ್ಕೃತಿಯನ್ನು ಅರಿಯಲು ಈ ಒಂದು ಮಾತು ಬಹಳ ಸಹಾಯಕ.

ಛಿ1 ಸಿನ್3 (ತಲೆಕೆಟ್ಟಿದೆ) ಎಂಬಂಥವನ್ನು ಆಪ್ತ ಗೆಳೆಯರಲ್ಲದವರ ಮುಂದೆ ಬಳಸಬಾರದು. ಚಲನಚಿತ್ರಗಳಲ್ಲಿ ಧಾರಾಳವಾಗಿ ಕೇಳುವ ಬೈಗುಳಗಳನ್ನು ಹೊರಗಿನವರು ಬಾಯಿಗೆ ತರಲೇಬಾರದು. ದಕ್ಷಿಣ ಏಷ್ಯಾದವರನ್ನು ಕುರಿತ ಆ3 ಛಾ1 ಎಂಬ ಪದ ಹೀಯಾಳಿಕೆಯದು. ಅದನ್ನು ತಿಳಿದಿರಿ, ನಿಮ್ಮ ಬಗ್ಗೆ ನೀವೇ ಬಳಸಿಕೊಳ್ಳಬೇಡಿ. ಪರಿಚಯಕ್ಕೆ ಙೋ5 ಹಯ್6 ಯನ್3 ತೊವ್6 ಯನ್4 (ನಾನು ಭಾರತೀಯ) ಎಂಬುದು ಗೌರವದ, ನೇರವಾದ ಮಾತು.

ಹಂತ 8: ದಿನನಿತ್ಯದ ಅಭ್ಯಾಸ

ಒಂದು ಸಣ್ಣ ಸಂಭಾಷಣೆಯ ಧ್ವನಿಮುದ್ರಣವನ್ನು ಆರಿಸಿ, ಒಂದು ವಾಕ್ಯ ಕೇಳಿ ನಿಲ್ಲಿಸಿ, ಅದೇ ವೇಗ ಮತ್ತು ಏರಿಳಿತದಲ್ಲಿ ನುಡಿದು ನಿಮ್ಮ ದನಿಯನ್ನು ಫೋನಿನಲ್ಲಿ ಮುದ್ರಿಸಿ, ಎರಡನ್ನೂ ಒಟ್ಟಿಗೆ ಕೇಳಿ. ಟೋನ್ ತಪ್ಪು ಆಡುವಾಗ ನಮಗೆ ತಿಳಿಯುವುದಿಲ್ಲ, ಕೇಳುವಾಗ ಸ್ಪಷ್ಟವಾಗುತ್ತದೆ. ಸುದ್ದಿ ಓದುವವರ ಭಾಷೆ ಗ್ರಾಂಥಿಕಕ್ಕೆ ಹತ್ತಿರವಿರುವುದರಿಂದ ಮೊದಲು ಅಡುಗೆ ಕಾರ್ಯಕ್ರಮ, ಸಂದರ್ಶನ, ಧಾರಾವಾಹಿಗಳನ್ನು ಆರಿಸಿ. ಪದದ ಅರ್ಥಕ್ಕೆ ಪ್ಲೆಕೊ ಎಂಬ ನಿಘಂಟು ಆ್ಯಪ್ ಅನುಕೂಲಕರ. ಅದರಲ್ಲಿ ಕ್ಯಾಂಟನೀಸ್ ಉಚ್ಚಾರವನ್ನು ಯುಟ್‌ಪಿಂಗ್‌ನಲ್ಲಿ ತೋರಿಸುವಂತೆ ಹೊಂದಿಸಿಕೊಳ್ಳಬೇಕು.

ಪುಸ್ತಕದಲ್ಲಿ ಕಲಿತದ್ದು ಬೀದಿಯಲ್ಲಿ ಬೇರೆಯಾಗಿ ಕೇಳಿಸಿದರೆ ಗಾಬರಿಯಾಗಬೇಡಿ. ಇಂದು ಅನೇಕರು ಪದದ ಆರಂಭದ ನಕಾರವನ್ನು ಲಕಾರವಾಗಿಸುತ್ತಾರೆ, ಙಕಾರವನ್ನು ನುಂಗುತ್ತಾರೆ. ನೆಯ್5 ಹೊವ್2 ಎಂಬುದು ಲೆಯ್5 ಹೊವ್2 ಆಗುತ್ತದೆ, ಙೋ5 ಎಂಬುದು ಓ5 ಆಗುತ್ತದೆ. ಹಿರಿಯರು ಇದನ್ನು ‘ಸೋಮಾರಿ ಉಚ್ಚಾರ’ ಎಂದು ಆಕ್ಷೇಪಿಸುತ್ತಾರೆ. ನೀವು ನ ಮತ್ತು ಙಗಳನ್ನು ಉಳಿಸಿಕೊಂಡೇ ಮಾತನಾಡಿ. ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ.

ಇಂಗ್ಲಿಷಿನಿಂದ ಬಂದ ಪದಗಳನ್ನು ಬಿಡಬೇಡಿ, ಅವು ಬಿಟ್ಟಿಯಾಗಿ ಸಿಕ್ಕ ಪದಸಂಪತ್ತು: ಪಾ1 ಸಿ2 (ಬಸ್ಸು), ತಿಕ್1 ಸಿ2 (ಟ್ಯಾಕ್ಸಿ), ಸಿ6 ತೋ1 ಪೆ1 ಲೆಯ್2 (ಸ್ಟ್ರಾಬೆರಿ). ಆದರೆ ಇಂಗ್ಲಿಷ್ ಉಚ್ಚಾರದಲ್ಲಿ ಹೇಳಿದರೆ ಅವು ಕ್ಯಾಂಟನೀಸ್ ಆಗುವುದಿಲ್ಲ. ಟೋನ್ ಇಲ್ಲಿಯೂ ಕಡ್ಡಾಯ.

ಕೊನೆಯದಾಗಿ, ಹೊಸಬರೆಲ್ಲರೂ ಎದುರಿಸುವ ಒಂದು ಅಡ್ಡಿಯಿದೆ. ನೀವು ಕಷ್ಟಪಟ್ಟು ಕ್ಯಾಂಟನೀಸ್‌ನಲ್ಲಿ ಕೇಳಿದರೂ ನಿಮ್ಮ ಮುಖ ನೋಡಿ ಉತ್ತರ ಇಂಗ್ಲಿಷಿನಲ್ಲಿಯೇ ಬರುತ್ತದೆ. ಅದು ತಿರಸ್ಕಾರವಲ್ಲ, ನಿಮಗೆ ಸುಲಭವಾಗಲಿ ಎಂಬ ಸೌಜನ್ಯ. ಆಗ ನಗುತ್ತಲೇ ಮ್4 ಕೋಯ್1 ಕೋಙ್2 ಕ್ವೋಙ್2 ತುಙ್1 ವಾ2 (ದಯವಿಟ್ಟು ಕ್ಯಾಂಟನೀಸ್‌ನಲ್ಲಿ ಹೇಳಿ) ಎನ್ನಿ. ಉತ್ತರ ವೇಗವಾಗಿ ಬಂದರೆ ಮ್4 ಕೋಯ್1 ಕೋಙ್2 ಮಾನ್6 ತಿ1 (ಸ್ವಲ್ಪ ನಿಧಾನವಾಗಿ ಹೇಳಿ), ತಪ್ಪಿಹೋದರೆ ಕೋಙ್2 ತೋ1 ಛಿ3 (ಇನ್ನೊಮ್ಮೆ ಹೇಳಿ). ಪದ ಗೊತ್ತಿಲ್ಲದಿದ್ದರೆ ವಸ್ತುವನ್ನು ಬೆರಳಿನಿಂದ ತೋರಿಸಿ ನಿ1 ಕೋ3 ಕ್ವೋಙ್2 ತುಙ್1 ವಾ2 ತಿಮ್2 ಕೋಙ್2 ಆ3 (ಇದನ್ನು ಕ್ಯಾಂಟನೀಸ್‌ನಲ್ಲಿ ಏನೆನ್ನುತ್ತಾರೆ) ಎಂದು ಕೇಳಿ, ಬಂದ ಉತ್ತರವನ್ನು ಅಲ್ಲಿಯೇ ಗಟ್ಟಿಯಾಗಿ ತಿರುಗಿ ಹೇಳಿ, ಅವರು ತಿದ್ದಿದ ಟೋನನ್ನು ಅಂಕಿಯ ಸಮೇತ ಅಂದೇ ಬರೆದಿಟ್ಟುಕೊಳ್ಳಿ.